‘ಮುಚ್ಚಿ’ ಒತ್ತದೆ ಹೋದ ಪರೀಕ್ಷೆ

ನಿಮಗೆ ಯಾವತ್ತಾದರೂ ಹೀಗಾಗಿದೆಯಾ? ಎಲ್ಲ ಪ್ರಶ್ನೆಗೂ ಉತ್ತರ ಗೊತ್ತು, ಎಲ್ಲಕ್ಕೂ ಉತ್ತರ ಕೊಟ್ಟೂ ಆಯಿತು, ಎದ್ದು ಬಂದು ಒಂದು ಲೋಟ ಟೀ ಕುಡಿದೂ ಆಯಿತು. ಆಮೇಲೆ ನೋಡಿದರೆ ನೀವು ಪರೀಕ್ಷೆಯನ್ನೇ ಬರೆದಿಲ್ಲ ಅಂತ ಬಂದಿದೆ. ಫೇಲ್ ಅಂತಲೂ ಅಲ್ಲ. ಫೇಲಿಗೆ ಒಂದು ಮರ್ಯಾದೆ ಇದೆ, ಬರೆದವರು ತಾನೇ ಫೇಲಾಗುವುದು. ನನಗೆ ಬಂದದ್ದು ‘ಸಲ್ಲಿಕೆಯಾಗಿಲ್ಲ’ ಅಂತ. ಒಂದು ಸಲ ಅಲ್ಲ, ಮೂರು ಸಲ.

ನನಗೆ ನಲವತ್ತೇಳು ವರ್ಷ. ಗೂಡಲೂರಿನಿಂದ ಪಂದಲೂರಿಗೆ ಹೋಗುವ ದಾರಿಯಲ್ಲಿ ಒಂದು ಟೀ ಎಸ್ಟೇಟಿದೆ. ಅದರ ಡಿಸ್ಪೆನ್ಸರಿಯಲ್ಲಿ ಹತ್ತೊಂಬತ್ತು ವರ್ಷ ಚೀಟಿ ಬರೆದೆ. ಕಿಟಕಿಯ ಆಚೆ ಕ್ಯೂ, ಈಚೆ ನಾನು, ನನ್ನ ಮುಂದೆ ಒಂದು ಉದ್ದನೆಯ ರಿಜಿಸ್ಟರು. ಹೆಸರು, ಕೆಲಸದವರ ಸಾಲುಮನೆಗಳಲ್ಲಿ ಯಾವ ಲೈನಿನ ಮನೆ, ಏನು ತೊಂದರೆ ಅಂತ ಬರೆದುಕೊಂಡು ಚೀಟಿ ಕೊಟ್ಟರೆ ಒಳಗೆ ನರ್ಸಮ್ಮ ನೋಡುತ್ತಾರೆ. ವಾರಕ್ಕೆರಡು ದಿನ ಡಾಕ್ಟರು ಬರುತ್ತಾರೆ.

ಅಷ್ಟೇನಾ ಅನ್ನಬೇಡಿ. ತಮಿಳಿನ ಅಜ್ಜಿ ‘ನೆಂಜು ಎರಿಯುದು’, ಎದೆ ಉರಿಯುತ್ತದೆ ಅಂದರೆ ಅದು ಗ್ಯಾಸಾ ಹಾರ್ಟಾ ಅಂತ ಮುಖ ನೋಡಿ ತಿಳಿಯಬೇಕು. ಉತ್ತರದ ಕಡೆಯಿಂದ ಹೊಸದಾಗಿ ಕೆಲಸಕ್ಕೆ ಬಂದ ಹೆಣ್ಣುಮಗಳು ಭಾಷೆ ಬಾರದೆ ಹೊಟ್ಟೆ ಹಿಡಿದುಕೊಂಡು ನಿಂತಿದ್ದರೆ ಕ್ಯೂ ಬಿಡಿಸಿ ಮೊದಲು ಒಳಗೆ ಕಳಿಸಬೇಕು. ಕುಡಿದು ಬಿದ್ದವನು ‘ಜಾರಿ ಬಿದ್ದೆ’ ಅಂದರೆ ‘ಜಾರಿ ಬಿದ್ದದ್ದು’ ಅಂತಲೇ ಬರೆಯಬೇಕು. ಅವನ ಹೆಂಡತಿ ಬಂದು ‘ಜಾರಿ ಬಿದ್ದೆ’ ಅಂದರೆ ಮಾತ್ರ ಹಾಗೆ ಬರೆಯಬಾರದು, ನರ್ಸಮ್ಮನ ಕಿವಿಗೆ ಹಾಕಬೇಕು. ಈ ಕೆಲಸ ನನಗೆ ಯಾರೂ ಕಲಿಸಿದ್ದಲ್ಲ. ಕಿಟಕಿಯೇ ಕಲಿಸಿತು.

ಹೋದ ವರ್ಷ ಮಳೆ ಶುರುವಾಗುವ ಮುಂಚೆ ಡಿಸ್ಪೆನ್ಸರಿಗೆ ಎರಡು ರಟ್ಟಿನ ಪೆಟ್ಟಿಗೆ ಬಂದವು. ಅದರ ಹಿಂದೆಯೇ ದೊರೆ ಬಂದರು. ನಮ್ಮ ಕಡೆ ಎಸ್ಟೇಟ್ ಮ್ಯಾನೇಜರನ್ನು ಈಗಲೂ ದೊರೆ ಅಂತಲೇ ಕರೆಯುವುದು. ಈ ದೊರೆಗೆ ಮೂವತ್ತೂ ದಾಟಿರಲಿಲ್ಲ.

“ಅಮ್ಮಾ, ಇನಿಮೇ ಎಲ್ಲಾಮೇ ಇದ್ಲ ತಾನ್,” ಅಂದರು, ಪೆಟ್ಟಿಗೆಯ ಮೇಲೆ ತಟ್ಟಿ. ಇನ್ನು ಮುಂದೆ ಎಲ್ಲವೂ ಕಂಪ್ಯೂಟರಿನಲ್ಲೇ, ರಿಜಿಸ್ಟರು ಇಲ್ಲ. ಒಂದು ಆನ್‌ಲೈನ್ ಕೋರ್ಸಿದೆ, ಕಂಪ್ಯೂಟರಿನ ಮೊದಲ ಪಾಠ, ಮನೆಯಲ್ಲೇ ಕೂತು ಕಲಿಯಬಹುದು. ಈ ತಿಂಗಳು, ಬರುವ ತಿಂಗಳು. ಅಷ್ಟರಲ್ಲಿ ಸರ್ಟಿಫಿಕೇಟ್ ತಂದುಕೊಟ್ಟರೆ ಕಿಟಕಿ ನನ್ನದೇ.

“ಇಲ್ಲದಿದ್ದರೆ ಸಾರ್?”

ಅವರಿಗೂ ಹೇಳಲು ಕಷ್ಟವಾಯಿತು, ಸುಳ್ಳು ಹೇಳಬಾರದು. “ಇಲ್ಲಾಟ್ಟಿ ಫೀಲ್ಡು ತಾನಮ್ಮಾ.”

ಫೀಲ್ಡು ಅಂದರೆ ಇಳಿಜಾರಿನಲ್ಲಿ ಬೆನ್ನಿಗೆ ಚೀಲ ಕಟ್ಟಿಕೊಂಡು ಎಲೆ ಕೀಳುವುದು. ಕೀಳುಕೆಲಸ ಅಂತ ನಾನು ಹೇಳುತ್ತಿಲ್ಲ. ನನ್ನ ಮೊಣಕಾಲು ಹೇಳುತ್ತದೆ. ಡಿಸ್ಪೆನ್ಸರಿಯ ಮೂರು ಮೆಟ್ಟಿಲು ಹತ್ತುವುದಕ್ಕೇ ನಾನು ಕಂಬಿ ಹಿಡಿಯುವವಳು.

ಕೋರ್ಸಿಗೆ ಹೆಸರು ಹಾಕುವಾಗ ಮೊದಲು ಭಾಷೆ ಕೇಳಿತು. ನರ್ಸಮ್ಮ ಪಕ್ಕದಲ್ಲೇ ಇದ್ದರು. ಅವರು ಕೇರಳದ ಕಡೆಯವರು. ನಾನು ಅವರನ್ನು ಅವರ ಭಾಷೆಯಲ್ಲೇ ಅಕ್ಕ ಅಂತ, ಚೇಚಿ ಅನ್ನುತ್ತೇನೆ, ಅವರು ನನ್ನನ್ನು ಅಕ್ಕಾ ಅನ್ನುತ್ತಾರೆ. ಇಬ್ಬರಲ್ಲಿ ಯಾರು ದೊಡ್ಡವರು ಅನ್ನುವುದು ಇಷ್ಟು ವರ್ಷವಾದರೂ ತೀರ್ಮಾನವಾಗಿಲ್ಲ.

“ಅಕ್ಕಾ, ತಮಿಳ್ ತಗೊಳ್ಳಿ. ಇಲ್ಲಾಂದ್ರೆ ಇಂಗ್ಲಿಷ್. ನಾನು ಹೆಲ್ಪ್ ಮಾಡ್ತೇನೆ.”

“ಕನ್ನಡ ಇದೆಯಲ್ಲ ಚೇಚಿ!”

“ಕನ್ನಡ ನಂಗೆ ಓದ್ಲಿಕ್ಕೆ ಬರೂದಿಲ್ಲಲ್ಲ.”

“ನಂಗೆ ಬರುತ್ತಲ್ಲ,” ಅಂದೆ, ಸ್ವಲ್ಪ ಜಂಬದಿಂದಲೇ. ನಾನು ಗುಂಡ್ಲುಪೇಟೆ ಕಡೆಯವಳು, ಕನ್ನಡ ಮೀಡಿಯಮ್ಮಿನಲ್ಲಿ ಎಸ್ಸೆಸ್ಸೆಲ್ಸಿ ಪಾಸಾದವಳು. ತಮಿಳು ನೀರು ಕುಡಿದ ಹಾಗೆ ಮಾತಾಡುತ್ತೇನೆ, ಓದಲು ಕೂತರೆ ಬಸ್ಸಿನ ಬೋರ್ಡಿನಷ್ಟೇ. ಈ ಊರಿಗೆ ಮದುವೆಯಾಗಿ ಬಂದ ಮೇಲೆ ಯಾವ ಫಾರಂ, ಯಾವ ನೋಟೀಸೂ ನನ್ನ ಭಾಷೆಯಲ್ಲಿ ನನ್ನ ಮುಂದೆ ಬಂದಿರಲಿಲ್ಲ. ಫೋನಿನಲ್ಲಿ ‘ಕನ್ನಡ’ ಅಂತ ಕಂಡ ತಕ್ಷಣ ತವರಿನವರು ಬಾಗಿಲಲ್ಲಿ ನಿಂತ ಹಾಗಾಯಿತು. ಒತ್ತಿದೆ.

ಕಂಪ್ಯೂಟರ್ ಇಲ್ಲದೆ ಕಂಪ್ಯೂಟರ್ ಕಲಿತವರು ನಿಮ್ಮಲ್ಲಿ ಯಾರಾದರೂ ಇದ್ದೀರಾ? ಡಿಸ್ಪೆನ್ಸರಿಯ ಕಂಪ್ಯೂಟರನ್ನು ಪೆಟ್ಟಿಗೆಯಿಂದ ತೆಗೆದು, ಪೂಜೆ ಮಾಡಿ, ಕುಂಕುಮ ಇಟ್ಟು, ಪ್ಲಾಸ್ಟಿಕ್ ಕವರ್ ಹೊದಿಸಿ ಕೂರಿಸಿದ್ದರು. ಇಂಟರ್ನೆಟ್ ಲೈನ್ ಎಳೆಯುವವರು ಬರುವ ತನಕ ಮುಟ್ಟುವ ಹಾಗಿಲ್ಲ. ನನ್ನ ಹತ್ತಿರ ಇದ್ದದ್ದು ಫೋನು. ಅದರಲ್ಲಿ ಮೇಡಂ ಹೇಳುತ್ತಾರೆ, ಮೌಸನ್ನು ಅಂಗೈಯಲ್ಲಿ ಹಗುರವಾಗಿ ಹಿಡಿದು ತೋರುಬೆರಳಿನಲ್ಲಿ ಎರಡು ಸಲ ಒತ್ತಿ ಅಂತ. ಏನನ್ನು ಹಿಡಿಯಲಿ? ಸವೆದ ಬಟ್ಟೆ ಸೋಪು ಸರಿಯಾದ ಅಳತೆಗಿತ್ತು. ಅದನ್ನು ಮೇಜಿನ ಮೇಲೆ ಓಡಿಸಿ ಓಡಿಸಿ ಬೆರಳು ತಟ್ಟಿದೆ. ಹಳೆಯ ಕ್ಯಾಲೆಂಡರಿನ ಬೆನ್ನಿಗೆ ಕೀಬೋರ್ಡ್ ಬರೆದುಕೊಂಡೆ.

ಮನೆಯಲ್ಲಿ ಮೂರೇ ಜನ, ನಾನು, ಯಜಮಾನರು, ಅತ್ತೆ. ಅತ್ತೆ ಒಲೆಯ ಹತ್ತಿರ ಕೂತು ನೋಡುತ್ತಿದ್ದರು.

“ಅದ್ಯಾಕವ್ವ ಸೋಪ್ಗೆ ಹಂಗ್ ಕುಟ್ಟೀಯೆ? ಪಾಪ, ಅದೇನ್ ಮಾಡ್ತು ನಿಂಗೆ?”

“ಇದು ಇಲಿ ಅತ್ತೆ.”

“ಸರಿ ಬುಡು. ಬೆಕ್ಕು ಎಲ್ಲವ್ವ?”

ಯಜಮಾನರು ಫ್ಯಾಕ್ಟರಿಯಲ್ಲಿ ಎಲೆ ಬಾಡಿಸುವ ಕಡೆ ಇದ್ದಾರೆ. ಅವರು ನಗಲೂ ಇಲ್ಲ. “ಮಿಸಿನ್ ಬಂದ್ಮೇಲೆ ಯಾವ್ ಮನುಷ್ಯನ್ನ ಉಳ್ಸೈತೆ ಹೇಳು. ಸುಮ್ನೆ ಕಣ್ ಕೆಡಿಸ್ಕಬೇಡ,” ಅಂದರು. ಆ ಮಾತಿಗೆ ಮೂರು ದಿನ ಅವರ ಜೊತೆ ಸರಿಯಾಗಿ ಮಾತಾಡಲಿಲ್ಲ. ಈಗ ಅನ್ನಿಸುತ್ತದೆ, ಆ ಮೂರು ದಿನ ಸುಮ್ಮನೆ ಕಳೆದೆ.

ವಾರಕ್ಕೆರಡು ಸಲ ಸಂಜೆ ನಾಲ್ಕಕ್ಕೆ ಲೈವ್ ಕ್ಲಾಸು. ಸಿಗ್ನಲ್ ಸಿಗುವುದು ತಿರುವಿನ ಮೋರಿಯ ಹತ್ತಿರ ಮಾತ್ರ. ಕಟ್ಟೆಯ ಮೇಲೆ ಗೋಣಿತಾಟು ಹಾಸಿ, ಛತ್ರಿ ಹಿಡಿದು, ಫೋನನ್ನು ಮೊಣಕಾಲಿಗೆ ಒರಗಿಸಿ ಕೂರುತ್ತಿದ್ದೆ. ಎಲೆ ತೂಕ ಹಾಕಿ ಮನೆಗೆ ಹೋಗುವ ಹೆಂಗಸರು ಅದೇ ಹೊತ್ತಿಗೆ ಆ ದಾರಿಯಲ್ಲಿ ಬರಬೇಕು.

“ಏನಕ್ಕಾ, ಮೋರಿ ಮೇಲ್ ಕೂತ್ಕಂಡು ಕಲೆಕ್ಟ್ರು ಪರೀಕ್ಷೆಗ್ ಓದ್ತಿದ್ದೀಯಾ?”

“ಕಲೆಕ್ಟ್ರಾದ್ರೆ ಮೊದ್ಲು ನಮ್ ಲೈನ್ಗೊಂದು ಕಕ್ಕಸ್ ಕಟ್ಸಕ್ಕಾ! ಮರ್ತ್ ಬುಟ್ಟೀಯ!”

ಫೋನಿನೊಳಗಿಂದ ಮೇಡಂ, “ಯಾರೋ ಮೈಕ್ ಆನ್ ಇಟ್ಟಿದೀರಾ. ಕಕ್ಕಸ್ ವಿಷಯ ಕ್ಲಾಸ್ ಆದ್ಮೇಲೆ ಮಾತಾಡ್ಕೊಳಿ ಪ್ಲೀಸ್,” ಅಂದರು. ಆ ಹೆಂಗಸರು ರಸ್ತೆಯಲ್ಲೇ ಕೂತು ನಕ್ಕರು. ನಾನೂ ನಕ್ಕೆ. ಆಮೇಲೆ ಮೈಕ್ ಆಫ್ ಮಾಡುವುದು ಎಲ್ಲಿ ಅಂತ ಹುಡುಕುವಷ್ಟರಲ್ಲಿ ಪಾಠವೇ ಮುಗಿದಿತ್ತು.

ಆದರೆ ಕಲಿತೆ ಕಣ್ರೀ. ಜಂಬ ಅಲ್ಲ. ಫೈಲು, ಫೋಲ್ಡರು, ಕಾಪಿ, ಪೇಸ್ಟು, ಟೇಬಲ್ಲು ಹಾಕುವುದು, ಎಲ್ಲ. ಕಂಪ್ಯೂಟರಿಗೆ ಲೈನ್ ಬಂದ ಮೇಲೆ ದಿನಾ ಊಟದ ಹೊತ್ತಿನಲ್ಲಿ ಕವರ್ ತೆಗೆದು ಎರಡು ಬೆರಳಲ್ಲಿ ಕುಟ್ಟಿ ಕುಟ್ಟಿ ನಮ್ಮ ಮೇಲಿನ ಲೈನಿನ ಅಷ್ಟೂ ಮನೆಯವರ ಹೆಸರು ಹೊಡೆದಿದ್ದೆ. ಚೇಚಿ ನೋಡಿ, “ಎಂಡೆ ದೈವಮೇ, ಅಕ್ಕಾ ಪಾಸ್!” ಅಂದಿದ್ದರು.

ಪರೀಕ್ಷೆಗೆ ಮೂರು ಅವಕಾಶ. ಒಂದೊಂದಕ್ಕೆ ಅರ್ಧ ಗಂಟೆ, ಡಿಸ್ಪೆನ್ಸರಿಯ ಕಂಪ್ಯೂಟರಿನಲ್ಲೇ ಬರೆಯುವುದು ಅಂತಾಯಿತು. ಕಡೆಯ ಕ್ಲಾಸಿನಲ್ಲಿ ಮೇಡಂ, “ಲಾಸ್ಟಲ್ಲಿ ಮರೀದೆ ಸಬ್ಮಿಟ್ ಕೊಡಿ ಆಯ್ತಾ?” ಅಂದರು. ಕ್ಯಾಲೆಂಡರಿನ ಬೆನ್ನಲ್ಲಿ ‘ಸಬ್ಮಿಟ್’ ಅಂತ ಬರೆದು ಕೆಳಗೆ ಎರಡು ಗೆರೆ ಎಳೆದುಕೊಂಡೆ.

ಮೊದಲನೆಯದು ಗಾಳಿಮಳೆಗೆ ಹೋಯಿತು. ಏಳನೇ ಪ್ರಶ್ನೆಯಲ್ಲಿದ್ದಾಗ ಮೇಲೆಲ್ಲೋ ಸಿಲ್ವರ್ ಓಕ್ ಕೊಂಬೆ ಕರೆಂಟ್ ತಂತಿಯ ಮೇಲೆ ಬಿತ್ತು. ಕತ್ತಲಾದ ಪರದೆಯಲ್ಲಿ ನನ್ನ ಮುಖ ನೋಡಿಕೊಂಡು ಎದ್ದೆ. ಅದಕ್ಕೂ ‘ಸಲ್ಲಿಕೆಯಾಗಿಲ್ಲ’ ಅಂತಲೇ ಬಂತು, ಆದರೆ ಅದು ಯಾರ ತಪ್ಪೂ ಅಲ್ಲ.

ಎರಡನೆಯದಕ್ಕೆ ಒಳ್ಳೆಯ ಬಿಸಿಲು ನೋಡಿಕೊಂಡು ಕೂತೆ. ಎಲ್ಲ ಪ್ರಶ್ನೆಗೂ ಉತ್ತರ ಕೊಟ್ಟೆ, ಇನ್ನೂ ಎಂಟು ನಿಮಿಷ ಉಳಿದಿತ್ತು. ಈಗ ಸಬ್ಮಿಟ್ ಒತ್ತಬೇಕು. ಸಬ್ಮಿಟ್ ಎಲ್ಲಿ? ಎಲ್ಲೂ ಇಲ್ಲ. ಕೆಳಗೆ ‘ಹಿಂದೆ’, ‘ಮುಂದೆ’ ಅಂತ ಎರಡು ಬಟನ್ನು. ಮೇಲೆ ಮೂಲೆಯಲ್ಲಿ ಕೆಂಪಗೆ ಇನ್ನೊಂದು, ‘ಮುಗಿಸಿ ಮುಚ್ಚಿ’.

ಇಲ್ಲಿ ಸ್ವಲ್ಪ ನಿಲ್ಲಿ. ನಮ್ಮ ಮನೆಯ ಮಾತು ಹೇಳದೆ ಇದು ನಿಮಗೆ ತಿಳಿಯುವುದಿಲ್ಲ.

ನಮ್ಮ ಮಾವನವರು ಲೈನಿನ ಕೊನೆಗೆ ಒಂದು ಸಣ್ಣ ಅಂಗಡಿ ಇಟ್ಟಿದ್ದರು. ಮದುವೆಯಾಗಿ ಬಂದ ವಾರ ಸಂಜೆ ಜೋರು ಮಂಜು ನುಗ್ಗುತ್ತಿತ್ತು. ನಾನು ಒಳಗಿನಿಂದ, “ಅಂಗಡಿ ಬಾಗಿಲು ಮುಚ್ಚಲಾ ಅತ್ತೆ?” ಅಂದೆ. ಅತ್ತೆ ಅಲ್ಲಿಂದಲೇ, “ಬಿಡ್ತು ಅನ್ನು! ಮೊದ್ಲು ಬಿಡ್ತು ಅನ್ನು!” ಅಂತ ಕೂಗಿದರು. ಬಿಡ್ತು ಅಂದೆ. ಆಮೇಲೆ ಮೆತ್ತಗೆ ಹೇಳಿದರು, “ಮುಚ್ಚು ಅನ್ನಬಾರ್ದು ಕಣವ್ವ. ಮುಂದಕ್ ಹಾಕು ಅನ್ಬೇಕು. ಮುಚ್ಚೋದು ಅಂದ್ರೆ ಎತ್ಬುಡೋದು, ಇನ್ನಿಲ್ಲ ಅನ್ನೋದು.” ನಮ್ಮ ತವರಲ್ಲೂ ದೊಡ್ಡವರು ಹೀಗೇ ಅನ್ನುತ್ತಿದ್ದರು, ನಾನು ತಲೆಗೆ ಹಾಕಿಕೊಂಡಿರಲಿಲ್ಲ. ದೀಪ ಆರಿಸು ಅನ್ನುವುದಿಲ್ಲ, ದೊಡ್ಡದು ಮಾಡು ಅನ್ನುತ್ತೇವೆ. ಹೋಗುತ್ತೇನೆ ಅನ್ನುವುದಿಲ್ಲ, ಹೋಗಿ ಬರುತ್ತೇನೆ ಅನ್ನುತ್ತೇವೆ. ಇಪ್ಪತ್ತಾರು ವರ್ಷದಿಂದ ನಾನು ಬಾಗಿಲು ಮುಂದಕ್ಕೆ ಹಾಕಿದ್ದೇನೆ, ಒಂದು ದಿನವೂ ಮುಚ್ಚಿಲ್ಲ. ಮಾವ ಹೋದ ಮೇಲೆ ಆ ಅಂಗಡಿ ಎತ್ತಿಬಿಟ್ಟೆವಲ್ಲ, ಆಗ ಮಾತ್ರ ಜನ ಅಂದರು, ಅಂಗಡಿ ಮುಚ್ಚಿದರು ಅಂತ.

ಮೂಢನಂಬಿಕೆ ಅನ್ನಬೇಡಿ. ಅಪಶಕುನ ಅಂತ ಹೆದರಿ ನಾನು ಆ ಕೆಂಪು ಬಟನ್ ಬಿಟ್ಟದ್ದಲ್ಲ. ಆ ಪದಕ್ಕೆ ನನ್ನ ತಲೆಯಲ್ಲಿ ಇದ್ದ ಅರ್ಥವೇ ಅದು. ಮುಗಿಸಿ ಮುಚ್ಚಿ ಅಂದರೆ ಆಗದವರು, ಅರ್ಧಕ್ಕೆ ಬಿಟ್ಟು ಎದ್ದು ಹೋಗುವವರು ಒತ್ತುವುದು. ಅದಕ್ಕೇ ಕೆಂಪು ಬಳಿದಿದ್ದಾರೆ ಅಂದುಕೊಂಡೆ. ನಾನು ಯಾಕೆ ಮುಚ್ಚಲಿ? ಎಲ್ಲ ಬರೆದಿದ್ದೇನೆ. ‘ಮುಂದೆ’ ಒತ್ತಿದೆ. ಮತ್ತೆ ಮೊದಲನೇ ಪ್ರಶ್ನೆ ಬಂತು, ನನ್ನ ಉತ್ತರದ ಸಮೇತ. ಓ, ಎಲ್ಲ ಸೇರಿದೆ, ತೋರಿಸುತ್ತಿದೆ ಅಂತ ಸಮಾಧಾನವಾಯಿತು. ಸಬ್ಮಿಟ್ ಬರುವುದು ಬಹುಶಃ ಇಂಗ್ಲಿಷಿನವರಿಗೆ ಇರಬೇಕು ಅಂದುಕೊಂಡು, ಟೈಮು ಮುಗಿಯುವ ತನಕ ಕೈಕಟ್ಟಿ ಕೂತಿದ್ದು, ಕವರ್ ಹೊದಿಸಿ ಬಂದೆ.

ಮಾರನೇ ದಿನ ತೆಗೆದು ನೋಡಿದರೆ ‘ಸಲ್ಲಿಕೆಯಾಗಿಲ್ಲ’. ಮತ್ತೆ ನೆಟ್‌ವರ್ಕು ಕೈಕೊಟ್ಟಿತು ಅಂದುಕೊಂಡೆ. ಈ ಬೆಟ್ಟದಲ್ಲಿ ಇರುವವರಿಗೆ ಎಲ್ಲ ತಪ್ಪಿಗೂ ಒಂದೇ ಹೆಸರು, ನೆಟ್‌ವರ್ಕು.

ಮೂರನೆಯ ಸಲ ಕೂತ ದಿನ ಚೇಚಿ ಲೈನುಗಳಿಗೆ ಪೋಲಿಯೋ ಹನಿ ಹಾಕಲು ಹೋಗಿದ್ದರು. ನಾನೊಬ್ಬಳೇ. ಈ ಸಲ ಇನ್ನೂ ನಿಧಾನವಾಗಿ, ಒಂದೊಂದನ್ನೂ ಎರಡೆರಡು ಸಲ ಓದಿ ಉತ್ತರ ಕೊಟ್ಟೆ. ಕೊನೆಗೆ ಬಾಣ ಆ ಕೆಂಪಿನ ಮೇಲೆ ಹೋಗಿ ನಿಂತಿತ್ತು, ಅದೂ ನೆನಪಿದೆ. ಒತ್ತಿಬಿಡಲಾ ಅಂದುಕೊಂಡೆ. ಒತ್ತಿದರೆ ಬರೆದದ್ದೆಲ್ಲ ಹೋಗಿಬಿಟ್ಟರೆ? ಇದೇ ಕಡೆಯದು. ಬಾಣವನ್ನು ಹುಷಾರಾಗಿ ಕೆಳಗೆ ಎಳೆದುಕೊಂಡು ಬಂದು ‘ಮುಂದೆ’ ಒತ್ತಿದೆ.

ಚೇಚಿ ಬಂದಾಗ ಪರದೆಯ ಮೇಲೆ ಬಂದಿದ್ದ ಸಾಲನ್ನು ನಾನು ಓದಿ ಹೇಳಿದೆ. ಸಲ್ಲಿಕೆಯಾಗಿಲ್ಲ, ಅವಕಾಶಗಳು ಮುಗಿದಿವೆ.

“ಎಂದ್ ಪಟ್ಟಿ? ಏನಾಯ್ತು ಅಕ್ಕಾ? ಸಬ್ಮಿಟ್ ಕೊಟ್ಟಿಲ್ವಾ?”

“ಸಬ್ಮಿಟ್ಟೇ ಇರಲಿಲ್ಲ ಚೇಚಿ. ಹಿಂದೆ ಇತ್ತು, ಮುಂದೆ ಇತ್ತು. ಮೇಲೆ ಕೆಂಪಗೆ ಒಂದು ಮುಗಿಸಿ ಮುಚ್ಚಿ ಅಂತ.”

ಅವರು ತಮ್ಮ ಫೋನಿನಲ್ಲಿ ಅದೇ ಕೋರ್ಸನ್ನು ಇಂಗ್ಲಿಷಿನಲ್ಲಿ ತೆಗೆದು, ನಮೂನೆ ಪರೀಕ್ಷೆ ಅಂತ ಇದ್ದದ್ದನ್ನು ತೋರಿಸಿದರು. ಅದೇ ಮೂಲೆ, ಅದೇ ಕೆಂಪು. ಮೇಲೆ ‘ಸಬ್ಮಿಟ್’ ಅಂತ ಇಂಗ್ಲಿಷಿನಲ್ಲಿ. ಪೋಲಿಯೋ ಡಬ್ಬಿಯನ್ನು ಕೆಳಗೆ ಇಡುವುದನ್ನೂ ಮರೆತು ನಿಂತಿದ್ದರು.

ಇಂಗ್ಲಿಷಿನಲ್ಲಿದ್ದಿದ್ದರೆ ಒತ್ತಿರುತ್ತಿದ್ದೆ. ತಮಿಳಿನಲ್ಲಿದ್ದಿದ್ದರೂ ಅಕ್ಷರ ಕೂಡಿಸಿಕೊಂಡು, ಅರ್ಥ ಆಗದೆ, ಚೇಚಿಯನ್ನು ಕೇಳಿ ಒತ್ತಿರುತ್ತಿದ್ದೆ. ನನ್ನ ಭಾಷೆಯಲ್ಲಿತ್ತು. ಅರ್ಥ ಆಯಿತು. ಅದಕ್ಕೇ ಒತ್ತಲಿಲ್ಲ. ಇದನ್ನು ನಾನು ಯಾರಿಗೆ ಬಿಡಿಸಿ ಹೇಳಲಿ?

ಕೋರ್ಸಿನವರಿಗೆ ಬರೆದೆ. ಮುಂದಿನ ಬ್ಯಾಚು ಮೂರು ತಿಂಗಳಾದ ಮೇಲೆ ಅಂತ ಉತ್ತರ ಬಂತು. ದೊರೆಯ ಹತ್ತಿರ ಹೋದೆ. ನಾನು ಹೊಡೆದಿದ್ದ ಹೆಸರುಗಳ ಪಟ್ಟಿಯ ಪ್ರಿಂಟನ್ನು ಮೇಜಿನ ಮೇಲಿಟ್ಟೆ. ಅವರು ಎರಡು ಹಾಳೆಯನ್ನೂ ಪೂರ್ತಿ ನೋಡಿದರು.

“ನಲ್ಲಾ ಪಣ್ಣಿರುಕ್ಕೀಂಗಮ್ಮಾ,” ಅಂದರು. ಚೆನ್ನಾಗಿ ಮಾಡಿದ್ದೀರಿ ಅಂತ. ಆಮೇಲೆ, “ಆನಾ ಸರ್ಟಿಫಿಕೇಟ್?”

ಮುಚ್ಚು, ಮುಂದಕ್ಕೆ ಹಾಕು ಅಂತೆಲ್ಲ ತಮಿಳಿನಲ್ಲಿ ಹೇಳಲು ಹೋದೆ. ಅರ್ಧದಲ್ಲಿ ನನಗೇ ನಾಚಿಕೆಯಾಯಿತು. ಅವರು ಕೇಳಿಸಿಕೊಂಡರು. ಹೆಡ್ಡಾಫೀಸಿನವರು ಸರ್ಟಿಫಿಕೇಟಿನ ಕಾಪಿ ಕೇಳುತ್ತಾರೆ, ಕಥೆ ಕೇಳುವುದಿಲ್ಲ ಅಂದರು. ಬೈದು ಹೇಳಿದ್ದರೆ ಮನೆಗೆ ಬಂದು ಅವರನ್ನು ಬೈಯಬಹುದಿತ್ತು. ಅದಕ್ಕೂ ದಾರಿ ಬಿಡಲಿಲ್ಲ.

ಅತ್ತೆಗೆ ಹೇಳಬಾರದು ಅಂತಲೇ ಇದ್ದೆ. ಯಜಮಾನರಿಗೆ ಹೇಳುವಾಗ ಅವರ ಕಿವಿಗೆ ಬಿತ್ತು. “ನನ್ ಬಾಯ್ನಿಂದ ಆಯ್ತೇನವ್ವ?” ಅಂತ ಒಂದೇ ಸಲ ಕೇಳಿದರು. ಇಲ್ಲ ಅತ್ತೆ, ನೆಟ್‌ವರ್ಕು ಅಂದೆ. ಅವರು ನಂಬಲಿಲ್ಲ. ಸಂಜೆ ಚಳಿ ಏರಿದಾಗ ಒಳಗಿನಿಂದ, “ಬಾಗ್ಲು ಮುಚ್ಚವ್ವ,” ಅಂದರು. ಅಷ್ಟು ವರ್ಷದಲ್ಲಿ ಅವರ ಬಾಯಲ್ಲಿ ಆ ಮಾತು ನಾನು ಕೇಳಿದ್ದು ಅದೇ ಮೊದಲು. ಎದ್ದು ಹೋದೆ. ಏನು ಮಾಡಿದೆ ಅಂತ ಕರೆಯಬೇಕೋ ಗೊತ್ತಿಲ್ಲ, ಚಿಲಕ ಹಾಕಿ ಬಂದೆ.

ಒಂದನೇ ತಾರೀಕಿನಿಂದ ಫೀಲ್ಡು. ಮಂಡಿಯವರೆಗೆ ಪ್ಲಾಸ್ಟಿಕ್ ಶೀಟು, ಬೆನ್ನಿಗೆ ಚೀಲ. ಮೋರಿಯ ಹತ್ತಿರ ನನ್ನನ್ನು ರೇಗಿಸುತ್ತಿದ್ದ ಅದೇ ಹೆಂಗಸರು ನನಗೆ ಇಳಿಜಾರು ಕಡಿಮೆ ಇರುವ ಸಾಲು ಬಿಟ್ಟುಕೊಡುತ್ತಾರೆ. ಈಗ ಯಾರೂ ರೇಗಿಸುವುದಿಲ್ಲ. ಅದೇ ನನಗೆ ಜಾಸ್ತಿ ಕಷ್ಟ. ಚೇಚಿ ಮೂರು ತಿಂಗಳಾದ ಮೇಲೆ ಮತ್ತೆ ಸೇರಿ ಅಕ್ಕಾ ಅಂದರು. ಸೇರಿ ಪಾಸಾದರೂ ಕಿಟಕಿಯಲ್ಲಿ ಕೂರಲು ಆಗಲೇ ಬೇರೆಯವರು ಬಂದಾಗಿತ್ತು.

ಎರಡು ತಿಂಗಳು ಕಳೆದ ಮೇಲೆ ಮೊಣಕಾಲು ಊದಿಕೊಂಡು ಕಾಲು ಮಡಚಲೂ ಆಗದೆ ಡಿಸ್ಪೆನ್ಸರಿಗೆ ಹೋದೆ. ಅಷ್ಟು ವರ್ಷ ಆ ಕ್ಯೂವನ್ನು ಈಚೆಯಿಂದ ನೋಡಿದ್ದವಳು. ಆಚೆ ನಿಂತರೆ ಕಿಟಕಿ ಎಷ್ಟು ಎತ್ತರದಲ್ಲಿದೆ ಅಂತ ಅವತ್ತೇ ಗೊತ್ತಾದದ್ದು, ಬಗ್ಗಿದ ಅಜ್ಜಿಯರು ಹೇಗೆ ಮಾತಾಡುತ್ತಿದ್ದರೋ. ಹೊಸದಾಗಿ ಬಂದವಳು ಗೂಡಲೂರು ಪೇಟೆಯವಳು, ಡಿಗ್ರಿ ಓದಿದ್ದಾಳೆ, ಬೆರಳು ಎಷ್ಟು ಚೆನ್ನಾಗಿ ಓಡುತ್ತದೆ ಅಂದರೆ ನೋಡುತ್ತಾ ನಿಲ್ಲಬೇಕು. ಒಳ್ಳೆಯ ಹುಡುಗಿ. ತಲೆಯೆತ್ತಿ ಮುಖ ನೋಡಿಯೇ ಮಾತಾಡಿದಳು.

“ಐಡಿ ನಂಬರ್ ಸೊಲ್ಲುಂಗಮ್ಮಾ.”

“ನಂಬರ್ ಗೊತ್ತಿಲ್ಲಮ್ಮ.” ಕನ್ನಡದಲ್ಲೇ ಬಂತು ಬಾಯಿಗೆ.

ಅವಳಿಗೂ ಕನ್ನಡ ಬರುತ್ತಿತ್ತು. ಹೆಸರು ಕೇಳಿ ಹೊಡೆದಳು. ಪರದೆ ನೋಡಿದಳು. ಇನ್ನೊಂದು ಸಲ ಹೊಡೆದಳು. “ನಿಮ್ ಹೆಸ್ರು ಇದ್ರಲ್ಲಿ ಇಲ್ವಲ್ಲಮ್ಮಾ. ಹಳೇ ರಿಜಿಸ್ಟರ್ದೆಲ್ಲ ಇನ್ನೂ ಏರಿಸಿಲ್ಲ. ಇಲ್ಲಿಗೆ ಫಸ್ಟ್ ಟೈಮ್ ಬರ್ತಿರೋದಾ?”

ಹಿಂದೆ ಕ್ಯೂ ಉದ್ದವಿತ್ತು. ಒಂದು ಮಗು ಜ್ವರದಲ್ಲಿ ಅಳುತ್ತಿತ್ತು.

“ಹೌದು,” ಅಂದೆ.

ಅವಳು ‘ಹೊಸಬರು’ ಅಂತ ಹಾಕಿಕೊಂಡು ಚೀಟಿ ಕೊಟ್ಟಳು.

ಧೈರ್ಯ ತಗೊಳ್ಳಿ ಅಕ್ಕಾ, ಮತ್ತೆ ಟ್ರೈ ಮಾಡಿ ಅಕ್ಕಾ ಅಂತ ದಯವಿಟ್ಟು ಕೆಳಗೆ ಬರೆಯಬೇಡಿ, ಅದು ನನಗೆ ಯಾವ ಕೆಲಸಕ್ಕೂ ಬರುವುದಿಲ್ಲ. ಕೈ ಮುಗಿಯುವ ಗುರುತೂ ಬೇಡ. ಬರೆಯುವುದಾದರೆ ನಿಮಗೆ ಆದದ್ದು ಬರೆಯಿರಿ. ಎಲ್ಲ ಗೊತ್ತಿದ್ದೂ ಒಂದೇ ಒಂದು ಮಾತಿನ ಮುಂದೆ ನಿಮ್ಮ ಕೈ ನಿಂತುಹೋದದ್ದು ಇದೆಯಾ? ಯಾವ ಮಾತು ಅದು? ಆಮೇಲೆ ನಿಮ್ಮನ್ನು ಎಲ್ಲಿಗೆ ಹಾಕಿದರು? ಉದ್ದವಾದರೂ ಪರವಾಗಿಲ್ಲ, ಕನ್ನಡದಲ್ಲೇ ಬರೆಯಿರಿ. ಪೂರ್ತಿ ಓದುತ್ತೇನೆ.